ಕಲರ್ ದೊಡ್ಡದೋ, ಸೀಕ್ವೆನ್ಸೋ?

ಹಾನಗಲ್ಲಿಗೂ ಜೂಜಿಗೂ ಹಳೆಯ ನಂಟು. ನಮ್ಮೂರೇ ವಿರಾಟನಗರ ಎಂದು ನಂಬಿ ಬೆಳೆದವರು ನಾವು. ಪಗಡೆಯಲ್ಲಿ ರಾಜ್ಯ ಕಳೆದುಕೊಂಡ ಧರ್ಮರಾಯ ಇಲ್ಲಿಗೆ ಬಂದು ಹಿಡಿದ ಕೆಲಸವಾದರೂ ಏನು? ಕಂಕಭಟ್ಟನ ವೇಷ ಹಾಕಿ ವಿರಾಟನೊಂದಿಗೆ ಮತ್ತೆ ಪಗಡೆ ಆಡುವುದು! ಅಂಥ ಊರಿನಲ್ಲಿ ದೀಪಾವಳಿಗೆ ಇಸ್ಪೀಟು ಮುಟ್ಟಬೇಡಿ ಎಂದರೆ ಕೇಳುವವರು ಯಾರು?

ಶಿಗ್ಗಾವಿಯಿಂದ ಮಾವ, ಹಿರೇಕೆರೂರಿನಿಂದ ಅಕ್ಕ-ಭಾವ, ಸವಣೂರಿನಿಂದ ಖಾರದ ಪೊಟ್ಟಣ ಹಿಡಿದು ಕಾಕಾ ಬಂದಿಳಿದರೆ ಅಟ್ಟದ ಮೇಲೆ ಜಮಖಾನ ಬೀಳುತ್ತಿತ್ತು. ಆಟ ಮೂರೆಲೆ, ಪಣ ಹುಣಸೆಬೀಜ. ನಮ್ಮ ಹಳೇ ಕಟ್ಟಿನಲ್ಲಿ ಆಟೀನ್ ಗುಲಾಮನ ಮೂಲೆ ಹರಿದಿತ್ತು. ಅವನು ಯಾರ ಕೈಯಲ್ಲಿದ್ದಾನೆಂದು ಬೆನ್ನು ನೋಡಿಯೇ ಮನೆಮಂದಿಗೆಲ್ಲ ತಿಳಿಯುತ್ತಿತ್ತು.

ಒಂದು ಹಬ್ಬಕ್ಕೆ ಅಕ್ಕನ ಮಗ ಬೆಂಗಳೂರಿನಲ್ಲಿ ಪೋಕರ್ ಕಲಿತು ಬಂದ. ಮೂರು ಕ್ಲಾವರ್ ಬಿಡಿಸಿಟ್ಟು ಬೀಜ ಬಾಚಿಕೊಳ್ಳಲು ಕೈಚಾಚಿದ. ಕಾಕಾ ಬೇರೆ ಬೇರೆ ಬಣ್ಣದ ನಾಲ್ಕು-ಐದು-ಆರು ಇಟ್ಟರು.

"ಅಜ್ಜಾ, ಕಲರ್ ದೊಡ್ಡದು."

"ಅದು ನಿಮ್ಮ ಐದೆಲಿ ಲೆಕ್ಕ ತಮ್ಮಾ. ಇದು ಮೂರೆಲಿ. ಕೈ ತಗಿ!"

ಇಬ್ಬರದೂ ಸರಿಯೇ. ಸಿಗುವುದು ಅಪರೂಪವಾದಷ್ಟೂ ಎಲೆಗೆ ಬೆಲೆ ಹೆಚ್ಚು. 52 ಎಲೆಗಳಲ್ಲಿ ಐದೈದರಂತೆ 25,98,960 ಕೈಗಳಾಗುತ್ತವೆ. ಅದರಲ್ಲಿ ಕಲರ್ 5,108, ಸೀಕ್ವೆನ್ಸ್ 10,200. ಆದ್ದರಿಂದ ಪೋಕರ್‌ನಲ್ಲಿ ಕಲರ್ ಮೇಲೆ. ಮೂರು ಮೂರರಂತೆ ಆಗುವುದು 22,100 ಮಾತ್ರ; ಅಲ್ಲಿ ಸೀಕ್ವೆನ್ಸ್ 720ಕ್ಕೆ ಇಳಿದರೆ ಕಲರ್ 1,096ಕ್ಕೆ ನಿಲ್ಲುತ್ತದೆ. ಎರಡು ಎಲೆ ಕಡಿಮೆಯಾದದ್ದಕ್ಕೆ ಹಿರಿಯ ಕಿರಿಯನಾದ.

ಹಾಗೆಂದು ಗಣಿತವನ್ನೇ ಪೂರ್ತಿ ನಂಬುವಂತಿಲ್ಲ. ಮೂರೂ ಎಕ್ಕಾ, ಮೂರೂ ರಾಜ, ಹೀಗೆ ಒಂದೇ ಬಗೆಯ ಮೂರು ಬೀಳುವ ದಾರಿ 52. ಒಂದೇ ಬಣ್ಣದ ಸೀಕ್ವೆನ್ಸಿಗೆ, ಎಕ್ಕಾ-ಎರಡು-ಮೂರನ್ನೂ ಸೇರಿಸಿ, ಇರುವುದು 48. ಆದರೂ ಪಟ್ಟ ಮೂರು ಎಕ್ಕಾಗಳಿಗೇ. ದಶಾವತಾರ ಗಂಜೀಫಾದಲ್ಲಂತೂ 120 ಎಲೆ, ಹತ್ತು ಬಣ್ಣ. ಐದು ಬಣ್ಣಗಳಲ್ಲಿ ಮಂತ್ರಿಯ ಕೆಳಗೆ ಹತ್ತು ಕೂತರೆ, ಉಳಿದ ಐದರಲ್ಲಿ ಅದೇ ಜಾಗ ಒಂದಕ್ಕೆ. ಹತ್ತು ಎಲ್ಲರಿಗಿಂತ ಕೆಳಗೆ. ದೊಡ್ಡಸ್ತಿಕೆ ಎಂಬುದು ಎಲೆಯ ಮೈಮೇಲಿಲ್ಲ, ಸುತ್ತ ಕೂತವರ ಒಪ್ಪಿಗೆಯಲ್ಲಿದೆ.

ಇಷ್ಟೆಲ್ಲ ಶ್ರೇಣಿ ಬಾಯಿಪಾಠ ಮಾಡಿದರೂ ನಮಗೆ ಬೀಳುವುದೇನು? 22,100ರಲ್ಲಿ 16,440 ಕೈಗಳಲ್ಲಿ ಜೋಡಿಯೂ ಇಲ್ಲ. ನಾಲ್ಕರಲ್ಲಿ ಮೂರು ಸಲ ಬರಿಗೈ! ರಮ್ಮಿಯಲ್ಲಿ ಜಾಣ್ಮೆ ಇದೆ, ಅದು ಮೂರೆಲೆಯ ಹಾಗೆ ಬರೀ ಅದೃಷ್ಟದ ಆಟವಲ್ಲ ಎಂದು 1967ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಈ ಮಾತು ಕಾಕಾಗೆ ಒಪ್ಪಿಗೆಯಿಲ್ಲ. "ಕೈಯಾಗ ಏನೂ ಇಲ್ದಾಗ ಮಾರಿ ಮ್ಯಾಲ ರಾಜನ ಕಳೆ ತರೂದು ಜಾಣತನ ಅಲ್ಲೇನು?" ಎನ್ನುತ್ತಾರೆ. ಅವರ ಎದುರು ಜೋಡಿ ಹಿಡಿದೂ ಎಲೆ ಚೆಲ್ಲಿದವರು ನಮ್ಮ ಮನೆಯಲ್ಲಿ ಬಹಳ ಮಂದಿ.