ಮೂರೇ ಅಕ್ಷರದ ಹೆಸರು

ಆಶಾ ಅಕ್ಕ ತಾಯಿ ಕಾರ್ಡ್ ಬಿಚ್ಚಿಕೊಂಡು ಕೂತಿದ್ದರು. ಕೂಸಿನ ಹೆಸರು ಕೇಳಿದರು. ನಾವು ಬಾಯಿಬಿಟ್ಟು ಹೇಳುವ ಬದಲು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದುಕೊಟ್ಟೆವು: ಝಡ್, ಓ, ಇ. ಅವರು ಚೀಟಿಯನ್ನು ಒಮ್ಮೆ ಹತ್ತಿರ, ಒಮ್ಮೆ ದೂರ ಹಿಡಿದು ನೋಡಿ, "ಜೋ ಏನ್ರಿ?" ಅಂದರು.

ಒಳಗಿದ್ದ ಆಯಿ ಅಲ್ಲಿಂದಲೇ, "ಚಲೋ ಆತ ಬಿಡ್ರಿ, ತೊಟ್ಟಿಲಾ ತೂಗಾಕ ಬ್ಯಾರೆ ಹಾಡ ಹುಡಕೂದ ತಪ್ಪಿತು" ಅಂದಳು.

ಅದು ಜೋ ಅಲ್ಲ, ಜೋಯಿ. ಆಶಾ ಅಕ್ಕನದೇನೂ ತಪ್ಪಿಲ್ಲ. ಹಿಂದೆ ಪತ್ರಿಕೆಯೊಂದರಲ್ಲಿ ಕೆಲಸ ಮಾಡುವಾಗ ವಿದೇಶದ ಸುದ್ದಿಯೊಂದನ್ನು ಕನ್ನಡಕ್ಕೆ ತರುತ್ತ ನಾವೇ ಆ ಹೆಸರನ್ನು ಜೋ ಅಂತ ಬರೆದು ಬೈಸಿಕೊಂಡಿದ್ದೆವು. ಹೆಸರು ತಪ್ಪಿದರೆ ಸುದ್ದಿಯೇ ತಪ್ಪು ಅಂತ ಪತ್ರಿಕೋದ್ಯಮದ ಮೊದಲ ವರ್ಷವೇ ಕಲಿಸಿರುತ್ತಾರೆ. ಆವತ್ತು ಹುಡುಕಿ ನೋಡಿದಾಗ ಗೊತ್ತಾಯಿತು, ಅದು ಗ್ರೀಕ್ ಹೆಸರು. ಅರ್ಥ: ಜೀವ, ಬದುಕು. ಅದು ಮನಸ್ಸಿನಲ್ಲಿ ಉಳಿದುಬಿಟ್ಟಿತ್ತು.

ಇವಳು ನಮಗೆ ಎರಡನೇ ಹೆಣ್ಣುಮಗು. ಹೆರಿಗೆಯಾದ ದಿನ ಬುತ್ತಿ ತಂದವರಲ್ಲಿ ಅರ್ಧ ಜನ "ಇರಲಿ ಬಿಡ್ರಿ, ಮುಂದಿಂದು ಗಂಡ ಆಗತೈತಿ" ಅಂತ ಸಮಾಧಾನ ಹೇಳಿ ಹೋದರು. ನಾವು ಅತ್ತಿರಲಿಲ್ಲ, ಸಮಾಧಾನ ಯಾಕೆ ಅಂತ ತಿಳಿಯಲಿಲ್ಲ. ಆ ಸಂಜೆಯೇ ಹೆಸರು ಗಟ್ಟಿಯಾಯಿತು.

ನಮ್ಮ ಆಯಿಯ ಹೆಸರು ಸಾಕವ್ವ. ಆಕೆ ನಾಲ್ಕನೇ ಹೆಣ್ಣು. ಹೆಣ್ಣು ಇನ್ನು ಸಾಕು ಅಂತ ದೇವರಿಗೆ ಕೇಳಿಸಲಿ ಎಂದು ಇಟ್ಟ ಹೆಸರು. ದೇವರಿಗೆ ಕೇಳಿಸಲಿಲ್ಲ, ಆಕೆಯ ಬೆನ್ನಿಗೆ ಮತ್ತಿಬ್ಬರು ತಂಗಿಯರು ಬಂದರು. ನಮ್ಮ ಕಡೆ ಇಂಥ ಹೆಸರಿನ ಮುದುಕಿಯರು ಇನ್ನೂ ಇದ್ದಾರೆ. ಪಕ್ಕದ ಮಹಾರಾಷ್ಟ್ರದಲ್ಲಿ ಅವರು 'ನಕೋಶಿ', ಅಂದರೆ ಬೇಡವಾದವಳು. 2011ರ ಅಕ್ಟೋಬರಿನಲ್ಲಿ ಸಾತಾರಾದಲ್ಲಿ ಅಂಥ 285 ಹುಡುಗಿಯರು ಒಂದೇ ಸಮಾರಂಭದಲ್ಲಿ ಹಳೇ ಹೆಸರು ಬಿಟ್ಟು ತಮಗೆ ಬೇಕಾದ ಹೆಸರು ಇಟ್ಟುಕೊಂಡರು. ಆಯಿಗೆ ಅದನ್ನು ಓದಿ ಹೇಳಿದಾಗ ಆಕೆ ಏನೂ ಅನ್ನಲಿಲ್ಲ, ಎಲಿಗೆ ಸುಣ್ಣ ಹಚ್ಚುತ್ತ ಕೂತಿದ್ದಳು.

ಕಾಕಾನ ತಕರಾರು ಬೇರೆ. "ರನ್ನ ಹುಟ್ಟಿದ ನೆಲದಾಗ ಅದೆಲ್ಲಿ ಹೆಸರ ತಂದ್ರೋ ನೀವು? ಅತ್ತಿಮಬ್ಬೆ ಅಂತ ಇಡ್ರಿ." ತೆಗೆದುಹಾಕುವ ಮಾತಲ್ಲ ಅದು. ನಮ್ಮ ಮುಧೋಳದ ಬಳೆಗಾರರ ಮನೆಯ ರನ್ನ, ತನಗೆ ಆಸರೆಯಾದ ಚಾವುಂಡರಾಯನ ನೆನಪಿಗೆ ಮಗನಿಗೆ ರಾಯ ಅಂತಲೂ ದಾನಚಿಂತಾಮಣಿ ಅತ್ತಿಮಬ್ಬೆಯ ನೆನಪಿಗೆ ಮಗಳಿಗೆ ಅತ್ತಿಮಬ್ಬೆ ಅಂತಲೂ ಹೆಸರಿಟ್ಟವನು. ಆದರೆ ನಮಗೂ ಒಂದು ಉತ್ತರ ಸಿಕ್ಕಿತು. ಅತ್ತಿಮಬ್ಬೆಯ ಆಶ್ರಯದಲ್ಲಿ ರನ್ನ ಅಜಿತಪುರಾಣ ಮುಗಿಸಿದ್ದು 993ರಲ್ಲಿ. ಅದೇ ಹೊತ್ತಿಗೆ ದೂರದ ಕಾನ್‌ಸ್ಟಾಂಟಿನೋಪಲ್ ಅರಮನೆಯಲ್ಲಿ (ಈಗಿನ ಇಸ್ತಾಂಬುಲ್) ಜೋಯಿ ಎಂಬ ಹುಡುಗಿ ಬೆಳೆಯುತ್ತಿದ್ದಳು. ಅವಳಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಮುಂದೆ 1042ರಲ್ಲಿ ಜೋಯಿ ಮತ್ತು ಅವಳ ತಂಗಿ ಥಿಯೊಡೋರಾ ಕೂಡಿಯೇ ಗದ್ದುಗೆ ಏರಿ ಕೆಲವು ದಿನ ರಾಜ್ಯ ಆಳಿದರು. ಇದನ್ನು ಕೇಳಿ ಕಾಕಾ, "ಅಂದ್ರ ರನ್ನನ ಕಾಲದ್ದ ಹೆಸರು ಅನ್ರಿ" ಅಂತ ಒಪ್ಪಿದ. ಎರಡು ಹೆಣ್ಣುಮಕ್ಕಳು ಅನ್ನುವ ಮಾತು ಅವನ ಕಿವಿಗೆ ಬಿತ್ತೋ ಇಲ್ಲವೋ.

ಹದಿಮೂರನೇ ದಿನ ಕೂಸನ್ನು ತೊಟ್ಟಿಲಿಗೆ ಹಾಕಿದಾಗ ಅತ್ತಿ ಕಿವಿಯಲ್ಲಿ ಹೆಸರು ಕರೆದಳು. ಬಾಯಲ್ಲಿ ಕರೆದ ಹೆಸರಿಗೆ ಸ್ಪೆಲಿಂಗ್ ಇರುವುದಿಲ್ಲ. ಗುಗ್ಗರಿ ಹಂಚಿದ್ದೂ ಆಯಿತು. ತೊಂದರೆ ಶುರುವಾಗಿದ್ದು ಕಾಗದದ ಮೇಲೆ. ತಾಯಿ ಕಾರ್ಡಿನಲ್ಲಿ ಜೋ, ಅಂಗನವಾಡಿಯ ಪಟ್ಟಿಯಲ್ಲಿ ಝೋಯೆ, ಲಸಿಕೆ ಹಾಕಿಸಿದ ಕಡೆ ಜೊಯ್. ಆರು ತಿಂಗಳ ಕೂಸಿಗೆ ಮೂರು ಹೆಸರು.

ನಕ್ಕು ಬಿಡಬಹುದಿತ್ತು. ಆದರೆ 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರುವುದರಿಂದ ಹಿಡಿದು ವೋಟಿನ ಪಟ್ಟಿಯವರೆಗೆ ಹುಟ್ಟಿದ ದಿನ, ಹುಟ್ಟಿದ ಊರಿಗೆ ಜನನ ಪ್ರಮಾಣಪತ್ರವೇ ದಾಖಲೆ. ಅದರಲ್ಲೊಂದು ಅಕ್ಷರ, ಆಧಾರಿನಲ್ಲೊಂದು ಅಕ್ಷರ ಆದರೆ ಮುಂದೆ ಕಚೇರಿ ಕಚೇರಿ ಅಲೆಯುವವಳು ಅವಳು, ನಾವಲ್ಲ. ನಮ್ಮ ಪುಣ್ಯಕ್ಕೆ ಜನನ ನೋಂದಣಿಯಲ್ಲಿ ಹೆಸರಿನ ಜಾಗ ಇನ್ನೂ ಖಾಲಿ ಇತ್ತು. ಹುಟ್ಟನ್ನು 21 ದಿನದೊಳಗೆ ತಿಳಿಸಬೇಕು, ಹೆಸರಿಗೆ ಅಷ್ಟು ಅವಸರವಿಲ್ಲ. 12 ತಿಂಗಳೊಳಗೆ ಸೇರಿಸಿದರೆ ಶುಲ್ಕವಿಲ್ಲ, ಆಮೇಲೆ ತಡದ ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಬಹುದು. ನಿಮ್ಮ ಮನೆಯಲ್ಲೂ ಕೂಸಿದ್ದರೆ ಒಮ್ಮೆ ಪ್ರಮಾಣಪತ್ರ ತೆಗೆದು ಹೆಸರಿನ ಸಾಲು ನೋಡಿಕೊಳ್ಳಿ.

ಅರ್ಜಿ ಮುಂದಿಟ್ಟುಕೊಂಡು ಒಂದು ರಾತ್ರಿ ಪೂರ್ತಿ ಜಗಳಾಡಿದೆವು. ಜಗತ್ತೆಲ್ಲ ಬರೆಯುವಂತೆ ಝಡ್ ಓ ಇ ಅಂತಲೇ ಇದ್ದರೆ ಎಲ್ಲಿ ಹೋದರೂ ಸರಿ, ನಮ್ಮೂರ ಶಾಲೆಯಲ್ಲಿ ಮಾತ್ರ ಹಾಜರಿ ಕೂಗಿದಾಗಲೆಲ್ಲ ಅವಳು ಜೋ. ಕೊನೆಗೆ ಹೇಗೆ ಕರೆಯುತ್ತೇವೋ ಹಾಗೇ ಬರೆದೆವು: ಝಡ್, ಓ, ವೈ, ಐ. ಕನ್ನಡದ ಸಾಲಿನಲ್ಲಿ ಜೋಯಿ. ಬೆಂಗಳೂರಿನ ಗೆಳತಿ ಫೋಟೊ ನೋಡಿ, ಸ್ಪೆಲಿಂಗ್ ತಪ್ಪಾಗಿದೆ, ತಿದ್ದಿಸಿ ಅಂತ ಮೆಸೇಜು ಹಾಕಿದಳು. ತಿದ್ದಿಸಲಿಲ್ಲ.

ಓಣಿಯಲ್ಲಿ ಅವಳೀಗ ಜೋಯವ್ವ. ಅವ್ವ ಸೇರಿಸಿದ್ದು ಆಯಿ. ಪ್ರಮಾಣಪತ್ರ ಬಂದ ದಿನ ಅದನ್ನು ಕೈಯಲ್ಲಿ ಹಿಡಿದು, "ನನ್ನ ಹೆಸರ ಇಂಗ್ಲಿಷಿನ್ಯಾಗ ಹೆಂಗ ಬರೀತಾರ?" ಅಂತ ಕೇಳಿದಳು. ಆಕೆಯ ಆಧಾರ್ ತೆಗೆದು ಒಂದೊಂದೇ ಅಕ್ಷರ ಬೆರಳಿಟ್ಟು ತೋರಿಸಿದೆವು. ಎರಡೂ ಕಾಗದ ಜೋಡಿಸಿ ಸ್ವಲ್ಪ ಹೊತ್ತು ನೋಡಿದಳು.

"ನಂದ ಉದ್ದ ಐತಿ" ಅಂದಳು.