ಲೆಕ್ಕ ತಪ್ಪಿದ ಕಥೆಗಳು – 6: ಸಿ.ಆರ್. ಅನ್ನೋ ಎರಡಕ್ಷರ

ಫೋಟೋದಲ್ಲಿರೋದು ಅಪ್ಪನ ಕ್ರೆಡಿಟ್ ಕಾರ್ಡ್ ಸ್ಟೇಟ್‌ಮೆಂಟ್. ಹೆಸರು, ನಂಬರ್ ಎಲ್ಲ ಮುಚ್ಚಿದ್ದೀನಿ. ಕಾಣೋದು ಒಂದೇ ಸಾಲು: ಕಟ್ಟಬೇಕಾದ ಒಟ್ಟು ಮೊತ್ತ 30,850.00, ಅದರ ಪಕ್ಕ ಸಣ್ಣದಾಗಿ ಸಿ.ಆರ್. ಅಂತ. ಆ ಎರಡಕ್ಷರ ಓದದೆ ಹೋಗಿದ್ದಕ್ಕೆ ಅಪ್ಪ ಚಿಕ್ಕಪ್ಪನ ಹತ್ರ ಕೈಗಡ ಕೇಳಬೇಕಾಯ್ತು. ಓದದೆ ಹೋದವಳು ನಾನೇ. ಓದ್ತಿರೋದು ಬಿಕಾಂ, ಅಕೌಂಟಿಂಗ್ ಪೇಪರ್‌ನಲ್ಲಿ 92 ಮಾರ್ಕ್ಸು. ನಗೋರು ಈಗ್ಲೇ ನಕ್ಕುಬಿಡಿ.

ಜೂನ್‌ನಲ್ಲಿ ಅಪ್ಪ ನನಗೆ ಅಂತ ಆನ್‌ಲೈನ್‌ನಲ್ಲಿ ಲ್ಯಾಪ್‌ಟಾಪ್ ತರಿಸಿದ್ರು, 31,990 ರೂಪಾಯಿ, ಕಾರ್ಡ್‌ನಲ್ಲಿ. ಎರಡೇ ದಿನಕ್ಕೆ ಸ್ಕ್ರೀನ್ ಮೇಲೆ ಗೆರೆ ಬಂತು. ವಾಪಸ್ ಕಳಿಸಿದ್ವಿ. ರಿಫಂಡ್ ಬರೋ ಮುಂಚೆನೇ ಬಿಲ್ ಕಟ್ಟೋ ದಿನ ಬಂತು ಅಂತ ಜುಲೈ 4ಕ್ಕೆ ಅಪ್ಪ ಪೂರ್ತಿ ಕಟ್ಟಿಬಿಟ್ರು. ಆಮೇಲೆ ಇಬ್ಬರೂ ದಿನಾ ಅಪ್ಪನ ಸೇವಿಂಗ್ಸ್ ಅಕೌಂಟ್ ತೆಗೆದು ನೋಡೋದೇ ಕೆಲಸ. ಬರ್ಲೇ ಇಲ್ಲ. ಯಾಕಂದ್ರೆ ಕಾರ್ಡ್‌ನಲ್ಲಿ ಕೊಂಡಿದ್ದರ ರಿಫಂಡ್ ಕಾರ್ಡಿಗೇ ಹೋಗುತ್ತೆ. ಹೋಗಿತ್ತು ಕೂಡ, 9ನೇ ತಾರೀಖೇ.

18ಕ್ಕೆ ಹೊಸ ಸ್ಟೇಟ್‌ಮೆಂಟ್ ಬಂತು. ಪೆಟ್ರೋಲು, ರೀಚಾರ್ಜು ಅಂತ ಆಗಿದ್ದ 1,140 ಕಳೆದು ಉಳಿದಿದ್ದೇ ಈ 30,850. ನಾನು ಓದಿದ್ದು ಮಾತ್ರ ‘ಕಟ್ಟಬೇಕಾದ ಮೊತ್ತ’ ಅಂತ.

"ಕಟ್ಟಿದ್ದೀನಲ್ಲಮ್ಮ" ಅಂದ್ರು ಅಪ್ಪ.

"ಅದು ಹೋದ ತಿಂಗಳದ್ದು ಅಪ್ಪ. ಲ್ಯಾಪ್‌ಟಾಪ್ ದುಡ್ಡು ಮತ್ತೆ ಹಾಕಿದ್ದಾರೆ ಅನ್ಸುತ್ತೆ. ಮೊದಲು ಕಟ್ಟು, ಆಮೇಲೆ ಜಗಳ ಮಾಡೋಣ. ಇಲ್ಲಾಂದ್ರೆ ತಿಂಗಳಿಗೆ ಮೂರೂವರೆ ಪರ್ಸೆಂಟ್ ಬಡ್ಡಿ."

ಬಡ್ಡಿ ಅಂದ ತಕ್ಷಣ ಅಪ್ಪ ಹೆದರಿದ್ರು. ನನ್ನ ಐದನೇ ಸೆಮಿಸ್ಟರ್ ಫೀಸಿಗೆ ಅಂತ ಎತ್ತಿಟ್ಟಿದ್ದ ದುಡ್ಡನ್ನೇ ತೆಗೆದು ಕಟ್ಟಿದ್ರು. ಮಾರನೇ ದಿನ ಆ್ಯಪ್‌ನಲ್ಲಿ ಮೈನಸ್ 61,700 ಅಂತ ಬಂದಾಗ ನನಗೆ ಹೊಟ್ಟೆಯೊಳಗೆ ಏನೋ ತಣ್ಣಗಾಯ್ತು.

ಕ್ಲಾಸಲ್ಲಿ ಬಾಯಿಪಾಠ ಹೇಳ್ತೀವಲ್ಲ, ಪಡೆದವರಿಗೆ ಡೆಬಿಟ್, ಕೊಟ್ಟವರಿಗೆ ಕ್ರೆಡಿಟ್ ಅಂತ? ಕಾರ್ಡ್ ಸ್ಟೇಟ್‌ಮೆಂಟ್ ಅನ್ನೋದು ಬ್ಯಾಂಕ್ ತನ್ನ ಪುಸ್ತಕದಲ್ಲಿ ನಮ್ಮ ಹೆಸರಲ್ಲಿ ಬರೆದಿಟ್ಟಿರೋ ಖಾತೆ. ನಾವು ಸಾಮಾನು ಕೊಂಡ್ರೆ ಪಡೆದವರು ನಾವು, ಡೆಬಿಟ್. ಹಾಗಾಗಿ ಮಾಮೂಲಿ ತಿಂಗಳಲ್ಲಿ ನಾವು ಬ್ಯಾಂಕಿಗೆ ಸಾಲಗಾರರು. ಸಿ.ಆರ್. ಅಂತ ಬಂತು ಅಂದ್ರೆ ಕೊಟ್ಟಿದ್ದು ಹೆಚ್ಚಾಗಿದೆ, ಈಗ ಬ್ಯಾಂಕೇ ನಮಗೆ ಸಾಲಗಾರ. ಎಕ್ಸಾಮ್‌ನಲ್ಲಿ ಇದನ್ನ ಹತ್ತು ಮಾರ್ಕ್ಸಿಗೆ ಬರೀತಿದ್ದೆ. ಮನೇಲಿ ‘ಕ್ರೆಡಿಟ್’ ಅಂದ್ರೆ ಸಾಲ, ಸಾಲ ಅಂದ್ರೆ ನಮ್ಮದೇ, ಅಷ್ಟೇ ತಲೆಗೆ ಹೋಗಿದ್ದು. ಈ ಸಾಲಕ್ಕೆ ಬ್ಯಾಂಕ್ ನಮಗೆ ಬಡ್ಡಿನೂ ಕೊಡಲ್ಲ, ಅದು ಬೇರೆ ಮಾತು.

ಫೀಸಿಗೆ ಕೊನೇ ದಿನ ಜುಲೈ 31. ಕಾಲೇಜು ಆಫೀಸಲ್ಲಿ ಕಾರ್ಡ್ ತಗೊಳಲ್ಲ, ಚಲನ್ ಮಾತ್ರ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರೆ, "ಮೇಡಂ, ನೀವು ಶಾಪಿಂಗ್ ಮಾಡಿ, ಅದರಲ್ಲೇ ಅಡ್ಜಸ್ಟ್ ಆಗುತ್ತೆ" ಅಂದ್ರು. ಸ್ಪೀಕರ್‌ನಲ್ಲಿತ್ತು. ಅಪ್ಪ ಪಕ್ಕದಲ್ಲೇ ಕೂತು, "61,000ಕ್ಕೆ ಏನಮ್ಮ ಶಾಪಿಂಗ್ ಮಾಡೋದು" ಅಂತ ಮೆಲ್ಲಗೆ ಅಂದ್ರು. ಆ ಕಾರ್ಡ್‌ನಿಂದಲೇ ಎಟಿಎಂನಲ್ಲಿ ತೆಗಿ ಅಂತ ಕ್ಲಾಸ್‌ಮೇಟ್ ಒಬ್ಬ ಹೇಳಿದ. ಪುಣ್ಯಕ್ಕೆ ಚಾರ್ಜಸ್ ಪಟ್ಟಿ ಓದಿದೆ. ಒಳಗಿರೋದು ನಮ್ಮ ದುಡ್ಡೇ ಆದ್ರೂ ಕ್ರೆಡಿಟ್ ಕಾರ್ಡ್‌ನಲ್ಲಿ ಕ್ಯಾಶ್ ತೆಗೆದ್ರೆ ಸಾಮಾನ್ಯವಾಗಿ ಕ್ಯಾಶ್ ಅಡ್ವಾನ್ಸ್ ಶುಲ್ಕ ಬೀಳುತ್ತೆ.

ಅವತ್ತು ಸಂಜೆ ಚಿಕ್ಕಪ್ಪ ಬಂದ್ರು. ಕೊಟ್ಟಿದ್ದನ್ನ ಹತ್ತು ಸಲ ನೆನಪಿಸೋ ಜನ ಅವ್ರು, ಅದಕ್ಕೇ ಅಪ್ಪ ಅವ್ರ ಹತ್ರ ಏನೂ ಕೇಳ್ತಿರಲಿಲ್ಲ. "ಏನಾಯ್ತಣ್ಣ?" ಅಂದಾಗ ಅಪ್ಪ, "ಬ್ಯಾಂಕ್‌ನೋರು ಏನೋ ತಪ್ಪು ಮಾಡಿ ದುಡ್ಡು ಹಿಡ್ಕೊಂಡಿದ್ದಾರೆ" ಅಂದ್ರು. ನಾನು ಅಡುಗೆಮನೆ ಬಾಗಿಲಲ್ಲೇ ನಿಂತಿದ್ದೆ. ನನ್ನ ಕಡೆ ತಿರುಗಿ ಕೂಡ ನೋಡ್ಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ರಾತ್ರಿ ಕೂತು ರಿಸರ್ವ್ ಬ್ಯಾಂಕ್‌ನ ನಿಯಮ ಹುಡುಕಿದೆ. ಏಪ್ರಿಲ್ 2022ರಲ್ಲಿ ಹೊರಡಿಸಿದ ಕಾರ್ಡ್‌ಗಳ ನಿರ್ದೇಶನದಲ್ಲಿ ನಮ್ಮ ಕಥೆನೇ ಇದೆ. ಬಿಲ್ ಕಟ್ಟಿಯಾದ ಮೇಲೆ ರಿಫಂಡ್ ಬಂದು, ಅದು ಲಿಮಿಟ್‌ನ 1 ಪರ್ಸೆಂಟ್ ಅಥವಾ 5,000 ರೂಪಾಯಿ, ಇದರಲ್ಲಿ ಯಾವುದು ಕಡಿಮೆಯೋ ಅದಕ್ಕಿಂತ ಜಾಸ್ತಿ ಇದ್ರೆ, ಕಾರ್ಡ್‌ನಲ್ಲೇ ಇಟ್ಕೊಳ್ಳೋಕೆ ಬ್ಯಾಂಕ್ ಏಳು ದಿನದೊಳಗೆ ನಮ್ಮ ಒಪ್ಪಿಗೆ ಕೇಳಬೇಕು. ಉತ್ತರ ಬರ್ಲಿಲ್ಲ ಅಂದ್ರೆ ನಮ್ಮ ಬ್ಯಾಂಕ್ ಅಕೌಂಟಿಗೆ ವಾಪಸ್ ಹಾಕಬೇಕು. ಅಪ್ಪನ ಕಾರ್ಡ್ ಲಿಮಿಟ್ 75,000, ಅಂದ್ರೆ 750 ದಾಟಿದ್ರೆ ಸಾಕು. ಅಪ್ಪನ ಫೋನ್ ಕೆದಕಿದ್ರೆ ಒಪ್ಪಿಗೆ ಕೇಳಿದ ಮೆಸೇಜ್ ಇತ್ತು, ಲೋನ್ ಆಫರ್‌ಗಳ ಮಧ್ಯೆ, ಓದದೆ. ಉತ್ತರ ಕೊಟ್ಟಿರಲಿಲ್ಲ, ದುಡ್ಡೂ ವಾಪಸ್ ಬಂದಿರಲಿಲ್ಲ.

ನಮ್ಮನ್ನ ಉಳಿಸಿದ್ದು ಅದರ ಮುಂದಿನ ಸಾಲು. ಮೊತ್ತ ಎಷ್ಟೇ ಇರಲಿ, ಕಾರ್ಡ್ ಅಕೌಂಟ್‌ನಲ್ಲಿರೋ ಕ್ರೆಡಿಟ್ ಮೊತ್ತವನ್ನ ಬ್ಯಾಂಕ್ ಅಕೌಂಟಿಗೆ ಹಾಕಿ ಅಂತ ನಾವು ಕೇಳಿದ್ರೆ, ಕೇಳಿದ ಮೂರು ಕೆಲಸದ ದಿನದೊಳಗೆ ಹಾಕಬೇಕು. ಶಾಪಿಂಗ್ ಮಾಡಿ ಅನ್ನೋ ಮಾತು ಅದರಲ್ಲಿ ಎಲ್ಲೂ ಇಲ್ಲ!

ಅಪ್ಪನ ಇಮೇಲ್‌ನಿಂದ ಬರೆದೆ. ಕಾರ್ಡ್‌ನ ಕೊನೇ ನಾಲ್ಕು ಅಂಕಿ, ಅಕೌಂಟ್ ನಂಬರ್, ಐಎಫ್‌ಎಸ್‌ಸಿ, ರಿಫಂಡ್ ಎಷ್ಟು, ಹೆಚ್ಚಿಗೆ ಕಟ್ಟಿದ್ದೆಷ್ಟು, ಸ್ಟೇಟ್‌ಮೆಂಟ್, ಮೂರು ದಿನದ ನಿಯಮ. 30 ದಿನದಲ್ಲಿ ಸರಿ ಉತ್ತರ ಬರ್ಲಿಲ್ಲ ಅಂದ್ರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ದೂರು ಕೊಡ್ತೀವಿ ಅಂತ ಕೊನೇಲಿ ಸೇರಿಸಿದೆ. ಕಂಪ್ಲೇಂಟ್ ನಂಬರ್ ಬಂತು, ಬರೆದಿಟ್ಕೊಂಡೆ.

ದುಡ್ಡು ಬಂದಿದ್ದು ಆಗಸ್ಟ್ 5ಕ್ಕೆ, 61,700 ಪೂರ್ತಿ. ಮೂರು ದಿನ ಅಲ್ಲ, ಆರು ಕೆಲಸದ ದಿನ. ಅಷ್ಟರಲ್ಲಿ ಫೀಸು ಚಿಕ್ಕಪ್ಪನ ದುಡ್ಡಲ್ಲೇ ಕಟ್ಟಿ ಆಗಿತ್ತು. ವಾಪಸ್ ಕೊಡೋಕೆ ನಾನೇ ಹೋದೆ. ತಪ್ಪು ಬ್ಯಾಂಕ್‌ದಲ್ಲ ಚಿಕ್ಕಪ್ಪ, ನಾನೇ ಓದಿದ್ದು ತಪ್ಪು ಅಂದೆ. ಅವ್ರು ನೋಟು ಎಣಿಸ್ತಾ, "ಗೊತ್ತಿತ್ತು, ನಿಮ್ಮಪ್ಪಂಗೆ ಸುಳ್ಳು ಹೇಳೋಕೆ ಬರಲ್ಲ" ಅಂದ್ರು.

ನಿಮ್ಮನೇಲಿ ಕಾರ್ಡ್ ಇದ್ರೆ ಇವತ್ತು ಸ್ಟೇಟ್‌ಮೆಂಟ್ ತೆಗೆದು ನೋಡಿ. ಸ್ಕ್ರೀನ್‌ಶಾಟ್ ಮಾತ್ರ ನನಗೆ ಕಳಿಸಬೇಡಿ ಮಾರಾಯ್ರೇ, ಕೊನೇಲಿ ಆ ಎರಡಕ್ಷರ ಇದ್ಯಾ ಇಲ್ವಾ ಅಷ್ಟು ಹೇಳಿ ಸಾಕು.