ಖಾಲಿ ಬೆನ್ನಿನ ಹಾಳೆಗಳು

ಗೋದೌಲಿಯಾ, ವಾರಾಣಸಿ
ಜೂನ್ 3, 2024

ನಮ್ಮ ಬ್ಯಾಂಕ್ ಶಾಖೆಯಲ್ಲಿ ಪ್ರಿಂಟರಿನ ಪಕ್ಕದ ಬುಟ್ಟಿ ಮಧ್ಯಾಹ್ನಕ್ಕೇ ತುಂಬಿತ್ತು. ಮೇಜಿನ ಮೇಲೆ ಸುರಿದು ನೋಡಿದೆ. ಪರದೆಯಲ್ಲೇ ಓದಿ ಮುಗಿಸಬಹುದಾದ ಸುತ್ತೋಲೆಗಳು, ಒಂದೇ ಸಾಲಿಗಾಗಿ ಹೊರಬಿದ್ದ ಕೊನೆಯ ಪುಟಗಳು, ಮಸುಕಾಯಿತೆಂದು ಬಿಸಾಡಿದ ಆಧಾರ್ ಜೆರಾಕ್ಸ್‌ಗಳು. ಹೆಚ್ಚಿನವುಗಳ ಬೆನ್ನು ಖಾಲಿ. ಚೆಕ್ಕಿನ ಬದಲು ಅದರ ಚಿತ್ರವಷ್ಟೇ ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುವ ಪದ್ಧತಿ 2008ರಲ್ಲಿ ದೆಹಲಿಯಲ್ಲಿ ಶುರುವಾಯಿತು. ದುಡ್ಡಿನ ವ್ಯವಹಾರವೇ ಚಿತ್ರದ ಮೇಲೆ ನಡೆಯುವಾಗ ರಜೆಯ ಸುತ್ತೋಲೆಗೆ ಕಾಗದ ಯಾಕೆ?

ಮ್ಯಾನೇಜರ್ ಒಪ್ಪಿದರು. ಇನ್ನು ಮುಂದೆ ಎರಡೂ ಬದಿ ಮುದ್ರಣ.

ಜೂನ್ 6

ಚೌಕದ ನಂದಿಯ ಹತ್ತಿರ ಹುರಿದ ಕಡಲೆ ಕೊಂಡೆ. ತಿಂದು ಮುಗಿಸಿ ಠೋಂಗಾ, ಅಂದರೆ ಕಾಗದದ ಪೊಟ್ಟಣ, ಬಿಚ್ಚಿದರೆ ಯಾರದೋ ಸಾಲದ ಅರ್ಜಿ! ಫೋಟೊ, ಫೋನ್ ನಂಬರು, ಸಹಿ ಎಲ್ಲ ಇದೆ. ನಮ್ಮ ಶಾಖೆಯದಲ್ಲ, ಆದರೂ ಸಂಕಟವಾಯಿತು. ಠೋಂಗಾ ಅಂಟಿಸಿ ಬದುಕುವವರ ತಪ್ಪಲ್ಲ ಅದು. ಚೂರು ಮಾಡದೆ ರದ್ದಿಗೆ ಹಾಕಿದವರದು. ತಿಂಡಿಯನ್ನು ಪತ್ರಿಕೆಯಲ್ಲಿ ಕಟ್ಟಿಕೊಡುವುದನ್ನಂತೂ 2018ರ ಆಹಾರ ಪ್ಯಾಕಿಂಗ್ ನಿಯಮಗಳೇ ನಿಷೇಧಿಸಿವೆ. ಎಲೆಯ ದೊನ್ನೆಯಲ್ಲಿ ಕಚೌರಿ ಕೊಡುವ ಅಂಗಡಿಗಳು ಇಲ್ಲಿ ಇನ್ನೂ ಇವೆ, ನಾನು ಹೋಗುವುದು ಅಲ್ಲಿಗೇ.

ನಾಳೆಯಿಂದ ಎರಡು ಡಬ್ಬ. ಗ್ರಾಹಕರ ವಿವರ ಇರುವ ಹಾಳೆಗಳು ಮೂಲೆಯಲ್ಲಿ ಧೂಳು ಹಿಡಿದಿರುವ ಚೂರು ಮಾಡುವ ಯಂತ್ರಕ್ಕೆ. ಉಳಿದವನ್ನು ಪಿನ್ ಹೊಡೆದು ಬರೆಯುವ ಪ್ಯಾಡ್ ಮಾಡುವುದು.

ಜೂನ್ 9, ಭಾನುವಾರ

ಜಂಗಮವಾಡಿ ಮಠಕ್ಕೆ ಹೋಗಿದ್ದೆ. ಕಲಬುರಗಿ ಕಡೆಯ ಅಜ್ಜಿಯೊಬ್ಬರು ತೀರಿಹೋದವರ ಹೆಸರಲ್ಲಿ ಲಿಂಗ ಅರ್ಪಿಸಲು ಬಂದಿದ್ದರು.

"ತಮ್ಮಾ, ಹಿರ್ಯಾರ ಹೆಸ್ರು ಬರ್ಕೋಬೇಕು, ಒಂದ್ ಹಾಳಿ ಕೊಡು."

ಚೀಲದಲ್ಲಿದ್ದ ಹೊಸ ಪ್ಯಾಡಿನಿಂದ ಕಿತ್ತು ಕೊಟ್ಟೆ. ತಿರುಗಿಸಿ ನೋಡಿದರು.

"ಇದರಾಗ ಏನೋ ಛಾಪ ಆಗ್ಯದ. ಹಿರ್ಯಾರ ಹೆಸ್ರು ಇದರ ಮ್ಯಾಲ ಬ್ಯಾಡಪ್ಪಾ."

ಡೈರಿಯ ಹೊಸ ಹಾಳೆಯನ್ನೇ ಕೊಟ್ಟೆ. ಅವರು ಹೇಳಿದ್ದೇ ಸರಿ. ಇಂಥ ಬರಹಕ್ಕೆ ಒಳ್ಳೆಯ ಕಾಗದ ಸಿಗಲೆಂದೇ ಸುತ್ತೋಲೆಗಳಲ್ಲಿ ಉಳಿಸಬೇಕಾದದ್ದು. ಅಕ್ಬರ್, ಔರಂಗಜೇಬರ ಕಾಲದ ಫರ್ಮಾನುಗಳು ಈ ಮಠದಲ್ಲಿ ಉಳಿದುಬಂದಿವೆ. ಆಗಿನ ಕಾಗದಕ್ಕೆ ಮರ ಕಡಿಯುತ್ತಿರಲಿಲ್ಲ, ಚಿಂದಿ ಬಟ್ಟೆ, ಹಳೆಯ ಹಗ್ಗ ಕುಟ್ಟಿ ಕೈಯಲ್ಲೇ ಮಾಡುತ್ತಿದ್ದರು. ಇದೇ ರಾಜ್ಯದ ಕಾಲ್ಪಿಯಲ್ಲಿ ಕೈಕಾಗದ ಇಂದಿಗೂ ತಯಾರಾಗುತ್ತದೆ.

ನಾನು ಭದ್ರಾವತಿಯವನು. 1936ರಲ್ಲಿ ಹುಟ್ಟಿದ ಎಂಪಿಎಂ ಕಾಗದ ಕಾರ್ಖಾನೆ ಅರ್ಧ ಊರಿಗೆ ಅನ್ನ ಹಾಕಿತು. ಅದೇ ಕಾರ್ಖಾನೆಗಾಗಿ ಮಲೆನಾಡಿನ ಗುಡ್ಡಗಳಲ್ಲಿ ಅಕೇಶಿಯಾ, ನೀಲಗಿರಿ ಎದ್ದವು. ಈಗ ಕಾರ್ಖಾನೆ ನಿಂತುಹೋಗಿದೆ, ನೆಡುತೋಪುಗಳು ಉಳಿದಿವೆ. ಅದನ್ನು ಕಂಡವನಿಗೆ ಬಿಳಿ ಹಾಳೆ ಪುಕ್ಕಟೆ ಎಂದು ಅನ್ನಿಸುವುದಿಲ್ಲ.

ಜೂನ್ 14

"ರದ್ದಿಗೆ ಹಾಕಿದರೆ ಮತ್ತೆ ಕಾಗದವಾಗುತ್ತದಲ್ಲ" ಎಂದು ಕ್ಯಾಷಿಯರ್ ಕೇಳಿದರು. ಆಗುತ್ತದೆ, ಆದರೆ ಪ್ರತಿ ಸಲವೂ ನಾರು ಗಿಡ್ಡವಾಗುತ್ತದೆ. ಐದಾರು ಸಲವಾದ ಮೇಲೆ ಹಿಡಿತವಿರುವುದಿಲ್ಲ. ಎಟಿಎಂ ಚೀಟಿಗೆ ಆ ಯೋಗವೂ ಇಲ್ಲ. ಬಿಸಿಗೆ ಕಪ್ಪಾಗುವ ರಾಸಾಯನಿಕದ ಲೇಪ ಅದಕ್ಕಿದೆ, ರದ್ದಿಯಲ್ಲಿ ಬೆರೆಸಬಾರದು. ಅದನ್ನು ಹುಟ್ಟಿಸದಿರುವುದೇ ದಾರಿ.

ರಾತ್ರಿ ಊರಿಂದ ಫೋನ್. ಮಗಳ ಕಳೆದ ವರ್ಷದ ನೋಟ್‌ಬುಕ್ಕುಗಳಲ್ಲಿ ಉಳಿದ ಹಾಳೆಗಳನ್ನು ಅವಳಮ್ಮ ಹೊಲಿದು ರಫ್ ಬುಕ್ ಮಾಡಿಕೊಟ್ಟಿದ್ದಾಳೆ. ಹೊಸದೇ ಬೇಕೆಂದು ಒಂದು ದಿನ ಮುನಿಸಿಕೊಂಡಿದ್ದಳಂತೆ, ಈಗ ಗಣಿತವೆಲ್ಲ ಅದರಲ್ಲೇ.

ಸೋಮವಾರ ಎಟಿಎಂ ಬಾಗಿಲಿಗೆ ಹಿಂದಿಯಲ್ಲಿ ಸೂಚನೆ ಬರೆಯಬೇಕು: ಬೇಕಿದ್ದರೆ ಮಾತ್ರ ಚೀಟಿ ತೆಗೆದುಕೊಳ್ಳಿ. ಅದಕ್ಕೆಂದೇ ಖಾಲಿ ಬೆನ್ನಿನ ಹಳೆಯ ಕ್ಯಾಲೆಂಡರ್ ತೆಗೆದಿಟ್ಟಿದ್ದೇನೆ.